35 ದಿವಸಗಳ ಕಾವು: ಮನೆಯಂಗಳದಲ್ಲಿ ಮಸ್ಕೋವಿ ಬಾತು

ಕಾವಿಗೆ ಕೂತ ಹೇಂಟೆಯ ಅಡಿಗೆ ಹತ್ತು ಮೊಟ್ಟೆ ಇಟ್ಟು, 21ನೇ ದಿನ ಬುಟ್ಟಿಯೊಳಗಿನಿಂದ ಚಿಲಿಪಿಲಿ ಕೇಳಿಸಿಕೊಳ್ಳುವ ವಿದ್ಯೆ ನಮಗೆ ಅಜ್ಜಿಯಿಂದ ಬಂದದ್ದು. ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದೇ ಲೆಕ್ಕವನ್ನು ಬಾತುಕೋಳಿಯ ಮೊಟ್ಟೆಗೂ ಹಾಕಿದಿರೋ, ಕೆಲಸ ಕೆಟ್ಟಿತೆಂದೇ ತಿಳಿಯಿರಿ. 21 ದಿನ ಕಳೆಯಿತು, ಸದ್ದಿಲ್ಲ. 25 ಆಯಿತು, 28 ಆಯಿತು. "ಇದು ಬರಡು ಮೊಟ್ಟೆ ಮಾರಾಯ್ರೆ" ಎಂದು ತೆಂಗಿನ ಬುಡಕ್ಕೆ ಎಸೆದಾಗ ಚಿಪ್ಪು ಒಡೆದು, ಒಳಗೆ ರೆಕ್ಕೆ ಕೊಕ್ಕು ಎಲ್ಲ ಮೂಡಿದ ಮರಿ ಕಂಡು ಮನಸ್ಸು ಕೆಡಿಸಿಕೊಂಡ ಗೃಹಿಣಿಯರು ಒಬ್ಬಿಬ್ಬರಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಹೆಂಗಸರ ಕೈಗೆ ನಾಲ್ಕು ಕಾಸು ತಂದುಕೊಡುತ್ತಿದ್ದ ಬೀಡಿ ಕೆಲಸ ಮೊದಲಿನಂತೆ ಇಲ್ಲ. ದನ ಕಟ್ಟೋಣವೆಂದರೆ ಹುಲ್ಲು ತರುವವರಿಲ್ಲ. ಊರ ಕೋಳಿ ಸಾಕಿದರೆ ಕೊಕ್ಕರೆ ರೋಗ ಒಂದೇ ವಾರದಲ್ಲಿ ಗೂಡು ಖಾಲಿ ಮಾಡುತ್ತದೆ. ಹೀಗಿರುವಾಗ ಕ್ರಿಸ್ಮಸ್ ಹತ್ತಿರ ಬರುತ್ತಿದ್ದಂತೆ "ಒಳ್ಳೆಯ ತೂಕದ ಬಾತು ಉಂಟಾ?" ಎಂದು ಕೇಳಿಕೊಂಡು ಬರುವವರಿರುವ ಊರಿನಲ್ಲಿ, ಒಂದು ಗಂಡು, ನಾಲ್ಕು ಹೆಣ್ಣು ಭಾರಿ ಬಾತು ಇಟ್ಟುಕೊಂಡರೆ ಹೇಗೆ ಎಂಬ ಯೋಚನೆ ನಿಮಗೂ ಬಂದಿರಬಹುದು. ಬರಲಿ, ಒಳ್ಳೆಯ ಯೋಚನೆಯೇ. ಆದರೆ ಈ ಕೆಲಸದ ಲಾಭ ನಷ್ಟ ತೀರ್ಮಾನವಾಗುವುದು ಡಿಸೆಂಬರಿನ ಪೇಟೆಯಲ್ಲಿ ಅಲ್ಲ, ಆಟಿ ತಿಂಗಳ ಜಡಿಮಳೆಯಲ್ಲಿ. ಹೇಗೆಂದು ಮುಂದೆ ಓದಿ.

ಯಾವುದು ಭಾರಿ ಬಾತು?

ಮೊಟ್ಟೆಯ ಆಸೆಗಾದರೆ ಖಾಕಿ ಕ್ಯಾಂಪ್‌ಬೆಲ್ ಎಂಬ ಜಾತಿ ಉಂಟು. ಚೆನ್ನಾಗಿ ಸಾಕಿದರೆ ವರ್ಷಕ್ಕೆ 300 ಮೊಟ್ಟೆಯವರೆಗೂ ಇಡುತ್ತದೆ, ಆದರೆ ಮೈಯಲ್ಲಿ ತೂಕವಿಲ್ಲ. ತೂಕಕ್ಕೆ ಹೆಸರಾದವು ಎರಡು. ಒಂದು ಚೀನಾದಿಂದ ಲೋಕವೆಲ್ಲ ಹರಡಿದ ಬಿಳಿ ಪೆಕಿನ್. ಒಳ್ಳೆಯ ಆಹಾರ ಕೊಟ್ಟರೆ ಆರೇ ವಾರದಲ್ಲಿ 2 ಕಿಲೋ ದಾಟುವ ಅವಸರದ ಜಾತಿ. ಆದರೆ ಪೆಕಿನ್ ಹೆಣ್ಣಿಗೆ ತಾಯಿತನದ ಗೊಡವೆಯೇ ಇಲ್ಲ. ಮೊಟ್ಟೆಯಿಟ್ಟು ಹೊರಟು ಹೋಗುತ್ತದೆ, ಕಾವು ಕೂರುವುದು ಅಪರೂಪ. 28 ದಿನ ಅದರ ಮೊಟ್ಟೆಗೆ ಕಾವು ಕೊಡಲು ನೀವು ಬೇರೆ ಹೇಂಟೆಯನ್ನೋ, ಕರೆಂಟಿನ ಯಂತ್ರವನ್ನೋ ನಂಬಬೇಕು.

ಇನ್ನೊಂದು ಮಸ್ಕೋವಿ. ಮುಖದ ಮೇಲೆ ಕೆಂಪು ಗುಳ್ಳೆಗುಳ್ಳೆಯಾದ ಚರ್ಮ, ಅಗಲ ಎದೆ, ಕಪ್ಪು ಬಿಳುಪು ಮೈ. ನೋಡಲು ಅಷ್ಟೇನೂ ಸುಂದರಿಯಲ್ಲ. ಉಳಿದ ಎಲ್ಲ ಸಾಕು ಬಾತುಗಳೂ ಒಂದೇ ಕಾಡುಬಾತಿನ ಸಂತಾನವಾದರೆ, ಇದು ಮಾತ್ರ ದಕ್ಷಿಣ ಅಮೆರಿಕದ ಕಡೆಯ ಬೇರೆಯೇ ವಂಶ. ಅಲ್ಲಿನ ಕಾಡಿನಲ್ಲಿ ಮರದ ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿ. ಆದ್ದರಿಂದಲೇ ಇದರ ಕಾಲಲ್ಲಿ ಚೂಪಾದ ಉಗುರು, ಸಂಜೆಯಾದರೆ ಗೋಡೆಯ ಮೇಲೋ ಮರದ ಕೊಂಬೆಯ ಮೇಲೋ ಹತ್ತಿ ಕೂರುವ ಅಭ್ಯಾಸ. ಗಂಡು 4ರಿಂದ 5 ಕಿಲೋ ತೂಗಿದರೆ, ಹೆಣ್ಣು ಅದರ ಅರ್ಧ, ಎರಡೂವರೆ ಕಿಲೋ ಆಸುಪಾಸು. 'ಕ್ವಾಕ್ ಕ್ವಾಕ್' ಎಂದು ಕೇರಿ ಎಬ್ಬಿಸುವುದಿಲ್ಲ. ಗಂಡು ಬುಸ್ಸೆನ್ನುತ್ತದೆ, ಹೆಣ್ಣು ಮೆಲ್ಲಗೆ ಗುನುಗುತ್ತದೆ. ಗೋಡೆಗೆ ಗೋಡೆ ತಾಗಿದ ಪೇಟೆ ಮನೆಯವರಿಗೆ ಇದು ಸಣ್ಣ ಸಂಗತಿಯಲ್ಲ! ಈಜಲು ಕೆರೆಯೇ ಬೇಕೆಂದೂ ಇಲ್ಲ. ತಲೆ ಮುಳುಗಿಸಿ ಮೈ ತೊಳೆಯುವಷ್ಟು ದೊಡ್ಡ ಒಂದು ಬಾನಿ ಸಾಕು. ಎಲ್ಲಕ್ಕಿಂತ ಮಿಗಿಲಾಗಿ, ಇದು ತಾನೇ ಕಾವು ಕೂರುತ್ತದೆ. 35 ದಿನ ಛಲ ಬಿಡದೆ ಕೂರುತ್ತದೆ.

ಒಂದು ಎಚ್ಚರಿಕೆ. ಮಸ್ಕೋವಿ ಗಂಡನ್ನು ಮಾಮೂಲಿ ಬಾತುಗಳ ಜತೆ ಬಿಟ್ಟರೆ ಮರಿಯೇನೋ ಆಗುತ್ತದೆ, ಆದರೆ ಅವು ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆಯ ಹಾಗೆ. ತಿನ್ನಲು ಅಡ್ಡಿಯಿಲ್ಲ, ಮುಂದಿನ ಸಂತಾನ ಮಾತ್ರ ಇಲ್ಲ. ತಳಿ ಉಳಿಸುವ ಮನಸ್ಸಿದ್ದರೆ ಬೇರೆ ಬೇರೆ ಇಡಿ.

ನನ್ನನ್ನು ಕೇಳಿದರೆ ಮೊದಲ ಸಲ ಸಾಕುವವರಿಗೆ ಮಸ್ಕೋವಿಯೇ ಸರಿ. ಈಗ ಪೇಟೆಯಲ್ಲಿ ಥರ್ಮೋಕೋಲ್ ಪೆಟ್ಟಿಗೆಯ ಸಣ್ಣ ಕಾವು ಯಂತ್ರಗಳು ಸುಲಭ ಬೆಲೆಗೆ ಸಿಗುತ್ತವೆ, ನಿಜ. ಆದರೆ ನಮ್ಮ ಕಡೆ ಗಾಳಿಮಳೆಗೆ ಒಂದು ಹಲಸಿನ ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಕರೆಂಟು ಇಲ್ಲ. 30 ದಿನ ಕಾದ ಮೊಟ್ಟೆಗಳು ಒಂದೇ ರಾತ್ರಿ ತಣ್ಣಗಾದರೆ ಆ ಸಂಕಟ ಯಾರಿಗೆ ಬೇಕು? ತಾಯಿ ಬಾತಿಗೆ ಕರೆಂಟು ಬೇಡ, ಥರ್ಮಾಮೀಟರ್ ಬೇಡ.

ಹಬ್ಬದ ಲೆಕ್ಕ ಹಿಂದಿನಿಂದ

ಕ್ರಿಸ್ಮಸ್‌ಗೆ ಮಾರಬೇಕಾದರೆ ಲೆಕ್ಕವನ್ನು ಹಿಂದಿನಿಂದ ಹಾಕಿ. ಗಿರಣಿ ತವುಡು, ಅನ್ನ, ಹಿತ್ತಿಲ ಮೇವಿನ ಮೇಲೆ ಬೆಳೆಯುವ ಮಸ್ಕೋವಿಗೆ ಮಾರುವ ತೂಕ ಬರಲು 14ರಿಂದ 16 ವಾರ ಬೇಕು. ಅಂಗಡಿಯ ಆಹಾರವನ್ನೇ ಹಾಕುವ ಫಾರಂಗಳಲ್ಲಿ 10-12 ವಾರಕ್ಕೇ ಆಗುತ್ತದೆ, ನಾವು ಆ ಲೆಕ್ಕ ಹಿಡಿಯುವುದು ಬೇಡ. ಮೊಂತಿ ಹಬ್ಬದ ದಿನ, ಅಂದರೆ ಸೆಪ್ಟೆಂಬರ್ 8ಕ್ಕೆ, ಮರಿ ಹೊರಬಂದರೆ ಡಿಸೆಂಬರ್ 24ಕ್ಕೆ ಅದಕ್ಕೆ ಸುಮಾರು 15 ವಾರ. ಆ ಮರಿ ಹೊರಬರಬೇಕಾದರೆ ತಾಯಿ ಕಾವಿಗೆ ಕೂರಬೇಕಾದದ್ದು 35 ದಿನ ಹಿಂದೆ, ಆಗಸ್ಟ್ 4ರ ಆಸುಪಾಸಿನಲ್ಲಿ. ಆಟಿ ಇನ್ನೂ ಮುಗಿದಿರುವುದಿಲ್ಲ. ಬಟ್ಟೆ ಒಣಗದ, ಉಪ್ಪಿನ ಭರಣಿ ನೀರಾಗುವ ದಿನಗಳವು.

ಹಕ್ಕಿಗೆ ಕ್ಯಾಲೆಂಡರ್ ಗೊತ್ತಿಲ್ಲ, ಒಪ್ಪಿದೆ. ನೀವು ಹೇಳಿದ ದಿನವೇ ಅದು ಕೂರಲಿಕ್ಕಿಲ್ಲ. ಜುಲೈಯಲ್ಲಿ ಕೂತರೆ ಇನ್ನೂ ಒಳ್ಳೆಯದು, ತೂಕ ಹೆಚ್ಚು ಬರುತ್ತದೆ. ಸೆಪ್ಟೆಂಬರಿನಲ್ಲಿ ಕೂತರೆ ಆ ಮರಿಗಳು ಈಸ್ಟರಿಗೋ, ಮನೆಯ ತಳಿಗೋ ಆಯಿತು. ನಾಲ್ಕು ಹೆಣ್ಣು ಇದ್ದರೆ ಒಂದಾದರೂ ಸಮಯಕ್ಕೆ ಕೂರುತ್ತದೆ. ಒಂದೇ ಹೆಣ್ಣನ್ನು ನಂಬಿ ಮುಂಗಡ ಹಣ ತೆಗೆದುಕೊಳ್ಳಬೇಡಿ.

ಕಾವಿಗೆ ಕೂರಿಸುವುದು

ಮಸ್ಕೋವಿ ಹೆಣ್ಣು ಒಂದು ಸೂಲಿಗೆ 10ರಿಂದ 14 ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಅದಕ್ಕೆ ಗುಟ್ಟಾದ ಜಾಗವೇ ಬೇಕು. ನೀವು ಅಂದವಾಗಿ ಗೂಡು ಕಟ್ಟಿಸಿ ಕೊಟ್ಟರೆ ಅದು ಸೌದೆ ಕೊಟ್ಟಿಗೆಯ ಮೂಲೆಗೆ ಹೋಗಿ ಕೂತೀತು! ಅದು ಆರಿಸಿದ ಜಾಗವನ್ನೇ ಒಪ್ಪಿಕೊಂಡು, ಮಳೆ ಇರಚಲು ಬಾರದಂತೆ ಒಂದು ತಗಡು ಅಡ್ಡ ಇಟ್ಟು, ನೆಲದ ತೇವ ಏರದಂತೆ ಕೆಳಗೆ ಮರಳು, ಮೇಲೆ ಒಣಗಿದ ಬೈಹುಲ್ಲು ಹಾಸಿ. ಮೇಲಿನ ಮೆತ್ತೆಯನ್ನು ಅದೇ ತನ್ನ ಎದೆಯ ತುಪ್ಪಳ ಕಿತ್ತು ಮಾಡಿಕೊಳ್ಳುತ್ತದೆ. ಒಂದರ ಗೂಡಿಗೆ ಇನ್ನೊಂದು ಹೋಗಿ ಮೊಟ್ಟೆ ಇಡುವುದುಂಟು. ಆದ್ದರಿಂದ ಕೂತ ದಿನವೇ ಎಲ್ಲ ಮೊಟ್ಟೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿಡಿ. ಗುರುತಿಲ್ಲದ್ದು ಮರುದಿನ ಕಂಡರೆ ಅದು ಅಡುಗೆಮನೆಗೆ.

ದಿನಕ್ಕೊಮ್ಮೆ ತಾಯಿ ಎದ್ದು ಬಂದು ಅವಸರವಸರವಾಗಿ ತಿಂದು, ನೀರಿಗಿಳಿದು ಮೈ ಒದ್ದೆ ಮಾಡಿಕೊಂಡು, ಅರ್ಧ ಗಂಟೆಯೊಳಗೆ ಮರಳುತ್ತದೆ. "ಅಯ್ಯೋ, ಮೊಟ್ಟೆ ತಣ್ಣಗಾಯಿತಲ್ಲ" ಎಂದು ಓಡಿಸಿಕೊಂಡು ಹೋಗಬೇಡಿ. ಆ ತಂಪೂ ಆ ತೇವವೂ ಮೊಟ್ಟೆಗೆ ಬೇಕಾದದ್ದೇ. ನೀವು ಮಾಡಬೇಕಾದದ್ದು ಇಷ್ಟೆ: ಗೂಡಿನ ಹತ್ತಿರ ಒಂದು ಬಾನಿ ನೀರು, ಒಂದು ತಟ್ಟೆ ಭತ್ತವೋ ಗೋಧಿಯೋ. ಮಕ್ಕಳನ್ನು, ನಾಯಿಯನ್ನು ಆಚೆ ಇಡುವುದು.

ಮಸ್ಕೋವಿ ತಾಯಿ ಇಲ್ಲ, ಮೊಟ್ಟೆ ಮಾತ್ರ ಬೇರೆ ಮನೆಯಿಂದ ತಂದಿದ್ದೀರಿ ಎನ್ನಿ. ಆಗ ಊರ ಹೇಂಟೆಯೇ ಗತಿ, ಜತೆಗೆ ನಿಮಗೆ ಕೆಲಸವೂ ಹೆಚ್ಚು. ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ತಂದ ಮೇಲೆ ಚೂಪು ತುದಿ ಕೆಳಗಾಗಿ ಒಂದು ರಾತ್ರಿ ತಂಪು ಜಾಗದಲ್ಲಿ ಇಟ್ಟು ಆಮೇಲೆ ಕಾವಿಗಿಡಿ. ಕೆಸರು ಹತ್ತಿದ್ದರೆ ತೊಳೆಯಬೇಡಿ, ಒಣ ಬಟ್ಟೆಯಿಂದ ಒರೆಸಿದರೆ ಸಾಕು. ತೊಳೆದರೆ ಚಿಪ್ಪಿನ ಮೇಲಿನ ಪೊರೆ ಹೋಗಿ ಕೊಳೆ ಒಳಗೆ ಇಳಿಯುತ್ತದೆ. ಹೇಂಟೆಯ ಮೈಯಳತೆ ನೋಡಿ 5 ಅಥವಾ 6 ಮೊಟ್ಟೆಗಿಂತ ಹೆಚ್ಚು ಇಡಬೇಡಿ. 75-80 ಗ್ರಾಂ ತೂಗುವ ಮೊಟ್ಟೆಯನ್ನು ಅದಕ್ಕೆ ತಿರುಗಿಸಲು ಆಗುವುದಿಲ್ಲ. ಒಂದು ಬದಿಗೆ ಗುಣಿಸು ಚಿಹ್ನೆ, ಇನ್ನೊಂದು ಬದಿಗೆ ಸೊನ್ನೆ ಬರೆದು ದಿನಕ್ಕೆ ಮೂರು ಸಲ ನೀವೇ ತಿರುಗಿಸಬೇಕು. ಕೋಳಿ ಮೊಟ್ಟೆಯನ್ನೂ ಒಟ್ಟಿಗೆ ಇಟ್ಟಿರೋ, 21ನೇ ದಿನ ಆ ಮರಿಗಳನ್ನು ಕಟ್ಟಿಕೊಂಡು ಹೇಂಟೆ ಹೊರಟೇ ಹೋಗುತ್ತದೆ. 35 ದಿನ ಅದರ ಪಾಲಿಗೆ ದೀರ್ಘ ವ್ರತವೇ ಸರಿ. ದಿನಕ್ಕೊಮ್ಮೆ ಎತ್ತಿ ತಂದು ಕಾಳು, ನೀರು ಕೊಟ್ಟು ಮತ್ತೆ ಕೂರಿಸಿ. ಕಾವಿಗೆ ಬಂದ ಇನ್ನೊಂದು ಹೇಂಟೆ ಇದ್ದರೆ ಮೂರನೇ ವಾರದಲ್ಲಿ ಸರದಿ ಬದಲಿಸುವುದು ಜಾಣತನ.

ಇನ್ನು ನೀರು ಚಿಮುಕಿಸುವ ವಿಷಯ. ಹೇಂಟೆ ಒದ್ದೆ ಮೈಯಲ್ಲಿ ಬರುವುದಿಲ್ಲವಾದ್ದರಿಂದ ಎರಡನೇ ವಾರದಿಂದ ದಿನಕ್ಕೊಮ್ಮೆ ಉಗುರು ಬೆಚ್ಚಗಿನ ನೀರು ಚಿಮುಕಿಸಬೇಕೆಂದು ಪುಸ್ತಕಗಳು ಹೇಳುತ್ತವೆ. ಬೇಸಗೆಯಲ್ಲಿ ಅದು ಸರಿ. ಆದರೆ ಆಟಿಯಲ್ಲಿ ನಮ್ಮ ಗಾಳಿಯೇ ನೀರು! ಮೊಟ್ಟೆಯೊಳಗಿನ ತೇವ ಸ್ವಲ್ಪ ಸ್ವಲ್ಪವೇ ಆರಿ ಅಗಲ ತುದಿಯಲ್ಲಿ ಗಾಳಿಕೋಣೆ ದೊಡ್ಡದಾಗಬೇಕು, ಇಲ್ಲವಾದರೆ ಮರಿಗೆ ಕೊನೆಯಲ್ಲಿ ಉಸಿರಾಡಲು ಜಾಗ ಸಾಲದು. ಇದಕ್ಕೆ ಅಡುಗೆಮನೆಯ ಸಣ್ಣ ತಕ್ಕಡಿಯೇ ಒಳ್ಳೆಯ ಡಾಕ್ಟರು. ಕಾವಿಗಿಟ್ಟ ದಿನ 80 ಗ್ರಾಂ ಇದ್ದ ಮೊಟ್ಟೆ ಒಡೆಯುವ ಹೊತ್ತಿಗೆ 70 ಗ್ರಾಂ ಹತ್ತಿರಕ್ಕೆ ಇಳಿದಿರಬೇಕು. ವಾರಕ್ಕೊಮ್ಮೆ ಒಂದೆರಡು ಮೊಟ್ಟೆ ತೂಗಿ ನೋಡಿ. ತೂಕ ಇಳಿಯುತ್ತಿಲ್ಲವೆಂದರೆ ನೀರಿನ ಸುದ್ದಿಗೇ ಹೋಗಬೇಡಿ.

10ನೇ ದಿನ ರಾತ್ರಿ ಟಾರ್ಚಿನ ಮೇಲೆ ತೂತು ಮಾಡಿದ ರಟ್ಟು ಇಟ್ಟು ಮೊಟ್ಟೆಗಳನ್ನು ಒಂದೊಂದಾಗಿ ಹಿಡಿದು ನೋಡಿ. ಜೇಡನ ಬಲೆಯಂತೆ ಕೆಂಪು ನರಗಳು ಕಂಡರೆ ಜೀವ ಉಂಟು. ನೀರಿನಂತೆ ತಿಳಿಯಾಗಿದ್ದರೆ ಬರಡು. ಒಳಗೆ ರಕ್ತದ ಉಂಗುರ ಮಾತ್ರ ಕಂಡರೆ ಸತ್ತದ್ದು. ಇವೆರಡನ್ನೂ ಆಗಲೇ ತೆಗೆದುಬಿಡಿ, ಕೊಳೆತು ಗೂಡಿನಲ್ಲಿ ಸಿಡಿದರೆ ಉಳಿದವೂ ಹಾಳು.

ಒಡೆಯುವ ದಿನ

33-34ನೇ ದಿನ ಚಿಪ್ಪಿನ ಮೇಲೆ ನಕ್ಷತ್ರದಂತೆ ಸಣ್ಣ ಬಿರುಕು ಕಾಣುತ್ತದೆ. ಕೋಳಿಮರಿಯಾದರೆ ಬೇಗ ಹೊರಬರುತ್ತದೆ, ಮಸ್ಕೋವಿ ಮರಿ ಹಾಗಲ್ಲ. ಬಿರುಕು ಬಿಟ್ಟಲ್ಲಿಂದ ಹೊರಬರಲು ಒಂದು ದಿನ, ಕೆಲವೊಮ್ಮೆ ಎರಡು ದಿನವೂ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಹೆಂಗರುಳು ಸುಮ್ಮನಿರುವುದು ಕಷ್ಟ. "ಪಾಪ, ಒದ್ದಾಡುತ್ತದೆ" ಎಂದು ಉಗುರಿನಿಂದ ಚಿಪ್ಪು ಬಿಡಿಸಲು ಕೈ ಹೋಗುತ್ತದೆ. ಹೋಗದಿರಲಿ. ಮರಿ ಸುಮ್ಮನೆ ಕಾಣುವ ಆ ಸಮಯದಲ್ಲಿ ಪೊರೆಯಲ್ಲಿರುವ ರಕ್ತ ಅದರ ಮೈಗೆ ಸೇರುತ್ತಿರುತ್ತದೆ, ಉಳಿದ ಹಳದಿ ಭಾಗ ಹೊಟ್ಟೆಯೊಳಗೆ ಹೋಗುತ್ತಿರುತ್ತದೆ. ನೀವು ಬಿಡಿಸಿದರೆ ರಕ್ತ ಸುರಿದು ನಿಮ್ಮ ಕೈಯಲ್ಲೇ ಸಾಯುತ್ತದೆ. 35 ತುಂಬಿದರೂ ಬಿರುಕು ಬಿಡದ ಮೊಟ್ಟೆಗೆ ಇನ್ನೆರಡು ದಿನ ಕೊಡಿ, ಎಸೆಯಬೇಡಿ.

ಹೊಟ್ಟೆಯೊಳಗೆ ಹೋದ ಆ ಹಳದಿಯೇ ಮರಿಯ ಮೊದಲ ದಿನದ ಬುತ್ತಿ. ಆದ್ದರಿಂದ ಮೈ ಒಣಗಿ ತುಪ್ಪಳ ಅರಳುವವರೆಗೆ ತಾಯಿಯ ಅಡಿಯಲ್ಲೇ ಬಿಡಿ, ತಿನ್ನಿಸಲು ಆತುರ ಬೇಡ.

ಮೊದಲ ಮೂರು ವಾರ

ಮಸ್ಕೋವಿ ತಾಯಿ ಜತೆಗಿದ್ದರೆ ಶಾಖದ ಚಿಂತೆ ನಿಮಗಿಲ್ಲ. ಮರಿಗಳನ್ನು ಬೇರೆ ಮಾಡಿ ಬುಟ್ಟಿಯಲ್ಲಿ ಸಾಕುವುದಾದರೆ ಮೊದಲ ವಾರ ಸುಮಾರು 32 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಹಿಂದೆ 60 ವ್ಯಾಟಿನ ಬಲ್ಬು ತೂಗುಹಾಕಿದರೆ ಮುಗಿಯುತ್ತಿತ್ತು. ಈಗ ಮನೆಯಲ್ಲೆಲ್ಲ ಎಲ್‌ಇಡಿ. ಅದರಲ್ಲಿ ಬೆಳಕುಂಟು, ಬಿಸಿಯಿಲ್ಲ. ಬೆಳಕು ಕಂಡು ಮರಿ ಬೆಚ್ಚಗಿದೆಯೆಂದು ಮೋಸ ಹೋಗಬೇಡಿ. ಹಳೆಯ ನಮೂನೆಯ ಬಲ್ಬನ್ನೋ, ಕೋಳಿಮರಿಗೆಂದೇ ಮಾರುವ ಶಾಖದ ದೀಪವನ್ನೋ ಹುಡುಕಿ ತನ್ನಿ. ಕರೆಂಟು ಹೋದ ರಾತ್ರಿಗೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟರೂ ನಡೆಯುತ್ತದೆ. ಅಳತೆ ಮರಿಗಳೇ ಹೇಳುತ್ತವೆ: ಒಂದರ ಮೇಲೊಂದು ಬಿದ್ದು ಗುಂಪಾದರೆ ಚಳಿ, ಬಾಯಿ ತೆರೆದು ದೂರ ಸರಿದರೆ ಸೆಕೆ.

ನುಣುಪು ಪೇಪರ್ ಹಾಸಬೇಡಿ, ಕಾಲು ಜಾರಿ ಸೊಟ್ಟಗಾಗುತ್ತದೆ. ಒಣ ಮರದ ಹುಡಿ ಒಳ್ಳೆಯದು. ಬಾತುಮರಿ ನೀರಿನಲ್ಲಿ ಆಡಿಯೇ ತಿನ್ನುವುದು, ಆದ್ದರಿಂದ ಹಾಸು ದಿನಾ ಒದ್ದೆ, ದಿನಾ ಬದಲಾಯಿಸಬೇಕು. ಇದೊಂದು ಕೆಲಸಕ್ಕೆ ಬೇಸರವಿದ್ದರೆ ಬಾತು ಸಾಕುವ ಯೋಚನೆಯನ್ನೇ ಬಿಡುವುದು ಲೇಸು.

ಕುಡಿಯುವ ನೀರು ಕೊಕ್ಕಿನ ಮೇಲಿನ ಮೂಗಿನ ತೂತು ಮುಳುಗುವಷ್ಟು, ಸುಮಾರು ಎರಡು ಇಂಚು, ಆಳ ಇರಬೇಕು. ಇಲ್ಲದಿದ್ದರೆ ಮೂಗು ಕಟ್ಟುತ್ತದೆ, ಕಣ್ಣು ಅಂಟುತ್ತದೆ. ಆದರೆ ಮರಿ ಒಳಗೆ ಇಳಿಯುವಷ್ಟು ಅಗಲದ ಪಾತ್ರೆ ಬೇಡ. ಬಾತುಮರಿ ನೀರಿನಲ್ಲಿ ಮುಳುಗಿ ಸಾಯುವುದುಂಟೇ ಎಂದು ನಗಬೇಡಿ. ತಾಯಿ ಬಾತಿನ ಮೈಯ ಎಣ್ಣೆ ಮರಿಗೆ ಹತ್ತುವುದರಿಂದಲೇ ಅದರ ತುಪ್ಪಳ ನೀರು ಹೀರದೆ ಉಳಿಯುವುದು. ಹೇಂಟೆಯ ಅಡಿಯಲ್ಲೋ ಬುಟ್ಟಿಯಲ್ಲೋ ಬೆಳೆದ ಮರಿಗೆ ಆ ರಕ್ಷೆಯಿಲ್ಲ. ನೆನೆದು ಚಳಿ ಹಿಡಿದು ಸತ್ತೇ ಹೋಗುತ್ತದೆ. ಅಂಥ ಮರಿಗಳನ್ನು ಮೂರು ನಾಲ್ಕು ವಾರದವರೆಗೆ ತೋಡಿಗೂ ಬಿಡಬೇಡಿ, ಮಳೆಗೂ ಬಿಡಬೇಡಿ. ಆಮೇಲೆ ಬಿಟ್ಟಾಗ ಮರಿಗಳು ತೇಲುತ್ತಾ ಹೋಗುವುದೂ, ಸಾಕುತಾಯಿ ಹೇಂಟೆ ದಡದಲ್ಲಿ ನಿಂತು ಬೊಬ್ಬೆ ಹೊಡೆಯುವುದೂ ನೋಡಲು ಒಂದು ತಮಾಷೆ, ಒಂದು ಕನಿಕರ.

ಬೂಷ್ಟು ಎಂಬ ವೈರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಮರಿಗಳು ಚೆನ್ನಾಗಿಯೇ ಇದ್ದವು, ಒಂದು ವಾರದಿಂದ ತಿನ್ನುವುದು ಕಡಿಮೆ ಮಾಡಿದವು, ಕುಂಟಿದವು, ತಲೆ ಹಿಂದಕ್ಕೆ ಬಗ್ಗಿಸಿ ಒಂದೊಂದಾಗಿ ಸತ್ತವು. ಯಾರೋ ದೃಷ್ಟಿ ಹಾಕಿದರು, ಯಾವುದೋ ಗಾಳಿ ಸೋಕಿತು ಎಂಬ ಮಾತು ಬರುತ್ತದೆ. ಮಳೆಗಾಲದಲ್ಲಿ ಹೀಗಾದರೆ ಮೊದಲು ನೋಡಬೇಕಾದದ್ದು ಹಿಂಡಿಯ ಡಬ್ಬವನ್ನು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವುಗಳ ಜತೆ ಬಾತುಮರಿಗಳೂ ಸತ್ತವು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯ ಮೇಲಿನ ಬೂಷ್ಟು. ಅದು ಉಂಟುಮಾಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಈ ವಿಷಕ್ಕೆ ಎಲ್ಲ ಸಾಕು ಹಕ್ಕಿಗಳಿಗಿಂತ ಬೇಗ ಬಲಿಯಾಗುವುದು ಬಾತುಮರಿ. ಎಷ್ಟರಮಟ್ಟಿಗೆಂದರೆ, ಆಹಾರದಲ್ಲಿ ವಿಷ ಉಂಟೋ ಇಲ್ಲವೋ ಎಂದು ತಿಳಿಯಲು ವಿಜ್ಞಾನಿಗಳು ಒಂದು ದಿನದ ಬಾತುಮರಿಯನ್ನೇ ಪರೀಕ್ಷೆಗೆ ಬಳಸುತ್ತಿದ್ದರು. ಕೋಳಿಮರಿ ತಿಂದು ಬದುಕಿಕೊಳ್ಳುವ ಹಿಂಡಿಯನ್ನು ತಿಂದು ಬಾತುಮರಿ ಸಾಯಬಹುದು. "ಕೋಳಿಗೆ ಏನೂ ಆಗಲಿಲ್ಲವಲ್ಲ" ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ನಮ್ಮ ಆಟಿಯಲ್ಲಿ ಕಡಲೆಕಾಯಿ ಹಿಂಡಿ, ಮೆಕ್ಕೆಜೋಳ, ತೆಂಗಿನ ಹಿಂಡಿ ಯಾವುದಕ್ಕೂ ಬೂಷ್ಟು ಬರಲು ವಾರ ಬೇಡ. ಇನ್ನೂ ಕೆಟ್ಟದ್ದೆಂದರೆ ಬೂಷ್ಟನ್ನು ಒರೆಸಿದರೂ, ಹಿಂಡಿಯನ್ನು ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಆದ್ದರಿಂದ ಮರಿಗಳಿಗೆ ಮೊದಲ ಎರಡು ತಿಂಗಳು ಕಡಲೆಕಾಯಿ ಹಿಂಡಿ ಮುಟ್ಟಿಸಲೇಬೇಡಿ. ಅಗ್ಗವೆಂದು ಗೋಣಿಗಟ್ಟಲೆ ಆಹಾರ ತರಬೇಡಿ, ವಾರಕ್ಕೆ ಬೇಕಾದಷ್ಟೇ ತನ್ನಿ. ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿ, ಒಲೆಯ ಮೇಲಿನ ಅಟ್ಟ ಇನ್ನೂ ಉಳಿದಿದ್ದರೆ ಅಲ್ಲಿಡಿ. ಕಲಸಿಟ್ಟ ಆಹಾರ ಒಂದು ಗಂಟೆಯಲ್ಲಿ ಮುಗಿಯದಿದ್ದರೆ ಎಸೆದು ತಟ್ಟೆ ತೊಳೆಯಿರಿ. ಹಾಸಲು ಹಾಕುವ ಬೈಹುಲ್ಲಿಗೂ ಇದೇ ಮಾತು. ಬೂಷ್ಟು ಹಿಡಿದ ಹುಲ್ಲಿನ ಧೂಳು ಮರಿಗಳ ಶ್ವಾಸಕೋಶ ಹಾಳುಮಾಡುತ್ತದೆ.

ಹಾಗಾದರೆ ತಿನ್ನಿಸುವುದೇನು? ಔಷಧ ಬೆರೆಸದ ಕೋಳಿಮರಿ ಆಹಾರ ಸಿಕ್ಕಿದರೆ ಮೊದಲ ಮೂರು ವಾರ ಅದನ್ನು ನೀರಿನಲ್ಲಿ ಒದ್ದೆ ಮಾಡಿ ಕೊಡಿ. ಒಣ ಹಿಟ್ಟು ಬಾತುಮರಿಯ ಗಂಟಲಿನಲ್ಲಿ ನಿಲ್ಲುತ್ತದೆ. ಅದರ ಜತೆ ಒಂದು ಹಿಡಿ ಹೊಸ ತವುಡು ಬೆರೆಸುವುದು ಮರೆಯಬೇಡಿ. ಬಾತುಮರಿಗೆ ನಯಾಸಿನ್ ಎಂಬ ಜೀವಸತ್ವ ಕೋಳಿಮರಿಗಿಂತ ಹೆಚ್ಚು ಬೇಕು. ಅದು ಕಡಿಮೆಯಾದರೆ ಕಾಲು ಬಾಗಿ ನಡೆಯಲಾರದೆ ಕೂರುತ್ತದೆ. ಭಾರಿ ಜಾತಿಗೆ ಮೈಯ ಭಾರ ಬೇರೆ! ಗಿರಣಿಯ ತವುಡಿನಲ್ಲೂ ಮೀನಿನಲ್ಲೂ ಅದು ಉಂಟು. ಮನೆಯ ಆಹಾರವೇ ಸಾಕೆನ್ನುವವರು ಕುಚ್ಚಲಕ್ಕಿ ಅನ್ನ, ತವುಡು, ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನಿನ ತಲೆ ಬಾಲ, ಸಣ್ಣಗೆ ಹೆಚ್ಚಿದ ಸೊಪ್ಪು ಒಟ್ಟಿಗೆ ಕಲಸಬಹುದು. ಉಪ್ಪು ಮೀನು ಬೇಡ.

ತೋಟಕ್ಕೆ ಬಿಟ್ಟ ಮೇಲೆ

ತಿಂಗಳು ತುಂಬಿದ ಮೇಲೆ ಅರ್ಧ ಊಟ ತೋಟದ್ದು. ಹುಳ, ಎರೆಹುಳು, ಹುಲ್ಲಿನ ಚಿಗುರು, ಮಳೆಗಾಲದಲ್ಲಿ ತರಕಾರಿ ಮುಗಿಸುವ ಬಸವನಹುಳುವಿನ ಮರಿ, ಎಲ್ಲ ಇದಕ್ಕೆ ಹಬ್ಬ. ಬಸಳೆ ಚಪ್ಪರಕ್ಕೂ ಹರಿವೆ ಸಾಲಿಗೂ ಮಾತ್ರ ಬೇಲಿ ಬೇಕು. ಬಸವನಹುಳುವಿಗೂ ನಿಮ್ಮ ಬಸಳೆಗೂ ಅದು ಭೇದ ಎಣಿಸುವುದಿಲ್ಲ.

ಅಡಿಕೆ ತೋಟ ಇರುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳೂ ಮರಿ ಬೆಳೆಯುವ ದಿನಗಳೂ ಒಂದೇ ಆಗುತ್ತವೆ. ಮೈಲುತುತ್ತು ವಿಷ. ಸಿಂಪಡಿಸಿದ ದ್ರಾವಣ ಮರದಿಂದ ತೊಟ್ಟಿಕ್ಕಿ ಕಣಿಯ ನೀರಿನಲ್ಲಿ ನಿಲ್ಲುತ್ತದೆ, ಬಾತು ಹೋಗುವುದೂ ನೇರ ಅಲ್ಲಿಗೇ. ಮದ್ದು ಬಿಡುವ ದಿನ ಮನೆಯ ಗಂಡಸರು ಹೇಳದೆ ಇದ್ದರೆ ನೀವೇ ಕೇಳಿ ತಿಳಿದುಕೊಂಡು ಬಾತುಗಳನ್ನು ಕೂಡಿಹಾಕಿ. ಎರಡು ಒಳ್ಳೆಯ ಮಳೆ ಬಿದ್ದು ಕಣಿ ತೊಳೆದು ಹೋಗುವವರೆಗೆ ತೋಟಕ್ಕೆ ಬಿಡಬೇಡಿ. ಮದ್ದು ಕಲಸಿದ ಡ್ರಮ್ಮು ತೊಳೆದ ನೀರು ಅಂಗಳಕ್ಕೆ ಬಾರದಿರಲಿ.

ರಾತ್ರಿ ಗೂಡು ಭದ್ರವಾಗಿರಬೇಕು. ಮುಂಗುಸಿ, ಕಬ್ಬೆಕ್ಕು, ಹೆಬ್ಬಾವು, ಬೀದಿನಾಯಿ ಎಲ್ಲದಕ್ಕೂ ಬಾತುಮರಿ ಮೆತ್ತನೆಯ ತುತ್ತು. ಒಂದು ದೊಡ್ಡ ಬಾತಿಗೆ ನಾಲ್ಕೈದು ಚದರ ಅಡಿ ಜಾಗ, ಹೆಬ್ಬೆರಳು ತೂರದ ಜಾಲರಿ, ಕೆಳಗೆ ಒಣ ನೆಲ. ಹೆಣ್ಣುಗಳು ಹಾರಿ ಪಕ್ಕದ ಮನೆ ಸೇರುವುದುಂಟು, ಒಂದು ಬದಿಯ ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಕತ್ತರಿಸಿದರೆ ಸಾಕು, ನೋವಾಗುವುದಿಲ್ಲ. ಹಿಡಿಯುವಾಗ ಕೋಳಿಯಂತೆ ಕಾಲು ಹಿಡಿದು ತೂಗಾಡಿಸಬೇಡಿ, ಬಾತಿನ ಕಾಲು ಸೂಕ್ಷ್ಮ. ಎರಡೂ ರೆಕ್ಕೆ ಸೇರಿಸಿ ಮೈಯನ್ನೇ ತಬ್ಬಿ ಎತ್ತಿ, ಉಗುರು ನಿಮ್ಮ ಕೈಯಿಂದ ಆಚೆಗಿರಲಿ.

ಕೊಕ್ಕರೆ ರೋಗ ಬಾತನ್ನು ಕೋಳಿಯಷ್ಟು ಕಾಡುವುದಿಲ್ಲ. ಆದರೆ ಬಾತು ಪ್ಲೇಗ್ ಎಂಬುದುಂಟು. ಅದಕ್ಕೆ ಸುಮಾರು 8 ವಾರ ತುಂಬಿದಾಗ ಚುಚ್ಚುಮದ್ದು ಹಾಕಿಸಬೇಕು. ತಾಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಡಿ. ಹಕ್ಕಿಜ್ವರದ ಸುದ್ದಿಯನ್ನೂ ನೀವು ಕೇಳಿದ್ದೀರಿ. ಕೇರಳದ ಕುಟ್ಟನಾಡಿನಲ್ಲಿ 2014ರಲ್ಲೂ 2021ರಲ್ಲೂ ಸಾವಿರ ಸಾವಿರ ಬಾತುಗಳನ್ನು ಕೊಲ್ಲಬೇಕಾಗಿ ಬಂತು. ಬಾತು ತಾನು ಆರೋಗ್ಯವಾಗಿದ್ದುಕೊಂಡೇ ಆ ರೋಗವನ್ನು ಕೋಳಿಗೆ ದಾಟಿಸಬಲ್ಲದು. ಹೊರಗಿನಿಂದ ತಂದ ಹಕ್ಕಿಯನ್ನು ಎರಡು ವಾರ ಬೇರೆ ಇಡಿ. ಒಮ್ಮೆಲೇ ನಾಲ್ಕೈದು ಸತ್ತರೆ ಅದನ್ನು ಅಡುಗೆ ಮಾಡಬೇಡಿ, ನೇತ್ರಾವತಿಗೂ ಎಸೆಯಬೇಡಿ, ಪಶುವೈದ್ಯರಿಗೆ ತಿಳಿಸಿ.

ಕಲಿಯಲು ಮನಸ್ಸಿರುವವರಿಗೆ ಜಾಗಗಳಿಲ್ಲದೆ ಇಲ್ಲ. ಮಂಗಳೂರು ಕಂಕನಾಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಸ್ವ ಉದ್ಯೋಗಕ್ಕೆ ತರಬೇತಿ ಕೊಡುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರಕಾರದ್ದೇ ಬಾತು ತಳಿ ಕೇಂದ್ರವಿತ್ತು, ಅದೀಗ ಅಲ್ಲಿನ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಸೇರಿಕೊಂಡಿದೆ. ಪೆಕಿನ್, ಖಾಕಿ ಕ್ಯಾಂಪ್‌ಬೆಲ್ ಜಾತಿಗಳಿಗೆ ಹೆಸರಾದ ಜಾಗ ಅದು.

ಮಾರುವಾಗ, ಬೇಯಿಸುವಾಗ

ಒಂದು ನೋಟ್ ಪುಸ್ತಕ ಇಡಿ. ಅಂಗಡಿಯ ಆಹಾರ ಹಾಕಿ ಬೆಳೆಸಿದರೆ ಒಂದು ಕಿಲೋ ತೂಕ ಬರಲು ಹೆಚ್ಚುಕಡಿಮೆ 3 ಕಿಲೋ ಆಹಾರ ಹಿಡಿಯುತ್ತದೆ. ಆ ಖರ್ಚು ಬರೆದಿಡದೆ "ಹಿತ್ತಿಲಲ್ಲಿ ಬೆಳೆದದ್ದು ತಾನೇ" ಎಂದು ಕೇಳಿದ ಬೆಲೆಗೆ ಕೊಟ್ಟರೆ ನಿಮ್ಮ ಐದು ತಿಂಗಳ ದುಡಿಮೆಗೆ ಬೆಲೆ ಕಟ್ಟಿದವರು ಕೊಳ್ಳುವವರೇ ಆದರು. ತೂಗಿಯೇ ಮಾರಿ. ಗಂಡು ಹೆಣ್ಣಿನ ದುಪ್ಪಟ್ಟು ತೂಗುವ ಈ ಜಾತಿಯನ್ನು 'ಒಂದಕ್ಕೆ ಇಷ್ಟು' ಎಂದು ಮಾರಿದರೆ ನಷ್ಟ ಗ್ಯಾರಂಟಿ.

ಮನೆಗೇ ಇಟ್ಟುಕೊಂಡರೆ ಗರಿ ಕೀಳುವುದೇ ದೊಡ್ಡ ಕೆಲಸ. ಗರಿಗೆ ನೀರು ಹತ್ತದ ಕಾರಣ ಬಿಸಿನೀರಿಗೆ ಒಂದು ಚಿಟಿಕೆ ಸೋಪು ಹಾಕಿ ಅದ್ದಬೇಕು, ಆಮೇಲೆ ಚೆನ್ನಾಗಿ ತೊಳೆಯಬೇಕು. ಮಾಂಸ ಕೋಳಿಯಂತೆ ಬೆಳ್ಳಗಲ್ಲ, ಕೆಂಪು. ಬೇಯಲು ಹೊತ್ತು ಬೇಕು. ವಿನೇಗರ್, ಬಾಫಾತ್ ಪುಡಿ ಹಚ್ಚಿ ರಾತ್ರಿಯಿಡೀ ಇಟ್ಟು, ಚರ್ಮದ ಬದಿ ಕೆಳಗಾಗಿ ಸಣ್ಣ ಉರಿಯಲ್ಲಿಟ್ಟರೆ ಅದರ ಕೊಬ್ಬೇ ಕರಗಿ ಬರುತ್ತದೆ, ಎಣ್ಣೆ ಹಾಕುವ ಅಗತ್ಯವಿಲ್ಲ. ಮೊಟ್ಟೆಯನ್ನು ಯಾವಾಗಲೂ ಪೂರ್ತಿ ಬೇಯಿಸಿ, ಅರೆಬೆಂದದ್ದು ಮಕ್ಕಳಿಗೂ ಬಸುರಿಯರಿಗೂ ಬೇಡವೇ ಬೇಡ. ಕೇಕಿಗೆ ಹಾಕುವುದಾದರೆ ಎರಡು ಬಾತಿನ ಮೊಟ್ಟೆ ಮೂರು ಕೋಳಿ ಮೊಟ್ಟೆಗೆ ಸಮ.

ಎಲ್ಲವನ್ನೂ ಮಾರಬೇಡಿ. ಒಳ್ಳೆಯ ತೂಕ ಬಂದ ನಾಲ್ಕು ಹೆಣ್ಣು ಇಟ್ಟುಕೊಳ್ಳಿ. ಗಂಡನ್ನು ಮಾತ್ರ ನಿಮ್ಮದೇ ಗೂಡಿನದು ಇಡದೆ ಬೇರೆ ಮನೆಯಿಂದ ಬದಲಾಯಿಸಿಕೊಳ್ಳಿ. ಒಡಹುಟ್ಟಿದವುಗಳ ಮೊಟ್ಟೆಯಲ್ಲಿ ಮರಿಯಾಗುವುದು ಕಡಿಮೆ, ಆದರೂ ಬಲವಿಲ್ಲ. ಬಂಟ್ವಾಳದ ನಿಮ್ಮ ತಂಗಿಯ ಮನೆಯ ಗಂಡು ಮೂಡುಬಿದಿರೆಗೆ ಬಂದು, ನಿಮ್ಮದು ಅಲ್ಲಿಗೆ ಹೋದರೆ ಇಬ್ಬರಿಗೂ ಖರ್ಚಿಲ್ಲ. ಸೆಪ್ಟೆಂಬರಿನಲ್ಲಿ ಹುಟ್ಟಿದ ಹೆಣ್ಣು ಆರೇಳು ತಿಂಗಳಿಗೆ ಮೊಟ್ಟೆಗೆ ಬರುತ್ತದೆ. ಮಾರ್ಚ್ ಕಳೆಯುತ್ತಿದ್ದಂತೆ ಬೆಳಗ್ಗೆ ಬಾತು ಬಿಡುವಾಗ ಒಂದು ಕಣ್ಣು ಸೌದೆ ಕೊಟ್ಟಿಗೆಯ ಮೂಲೆಯ ಮೇಲಿರಲಿ.